ಮೆಟ್ಟಿಲ ಬುಡದ ಎಲೆಕ್ಟ್ರಿಕ್ ಸೈಕಲ್

ನಮ್ಮ ಪಕ್ಕದ ಮನೆಯಾಕೆಗೆ ಎಂಬತ್ತರ ಹತ್ತಿರ ವಯಸ್ಸು. ಇವತ್ತು ಬೆಳಿಗ್ಗೆಯೂ ಅಲ್ಯುಮಿನಿಯಂ ಏಣಿ ಹತ್ತಿ, ಸೂರಿನಂಚಿನ ಮಳೆನೀರಿನ ಗಟರ್‌ನಿಂದ ಒದ್ದೆ ಎಲೆ ಬಾಚಿ ಕೆಳಗೆ ಎಸೆಯುತ್ತಿದ್ದಳು. ಏಣಿ ಹಿಡಿದು ಕೆಳಗೆ ನಿಂತಿದ್ದವರು ನನ್ನ ಗಂಡ. ಎಲೆಯೆಲ್ಲ ಅವರ ತಲೆಯ ಮೇಲೆಯೇ ಬೀಳುತ್ತಿತ್ತು, ಅವರು ತುಟಿ ಪಿಟಕ್ಕೆನ್ನದೆ ನಿಂತಿದ್ದರು. ಅಡುಗೆಮನೆ ಕಿಟಕಿಯಿಂದ ನೋಡುತ್ತ ನನಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. ಇದೇ ಮನುಷ್ಯ ಕೆಲವು ವರ್ಷಗಳ ಹಿಂದೆ ಆಕೆಯ ಹೆಸರೆತ್ತಿದರೆ ಉರಿದುಬೀಳುತ್ತಿದ್ದರು. ಆಕೆಯ ಋಣ ತೀರಿಸಲು ನಮಗೆ ಈ ಜನ್ಮ ಸಾಲದು ಎಂದು ನಾನು ಹೇಳಿದರೆ ಮಗಳು, "ಮಮ್, ಡೋಂಟ್ ಬಿ ಸೋ ಡ್ರಮ್ಯಾಟಿಕ್" ಅನ್ನುತ್ತಾಳೆ. ಹಾಗೆ ಅನ್ನುವುದಕ್ಕೆ ಅವಳು ನಮ್ಮೆದುರು ಇದ್ದಾಳಲ್ಲ, ಅದೂ ಆಕೆಯ ಉಪಕಾರವೇ.

ಎಲ್ಲ ಶುರುವಾದದ್ದು ಒಂದು ಸೈಕಲ್‌ನಿಂದ. ನಮ್ಮವರಿಗೆ ಸ್ಯಾಂಡ್‌ವಿಚ್ ತಯಾರಿಸುವ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಲಂಡನ್ನಿನ ಗ್ರೀನ್‌ಫರ್ಡ್‌ನ ನಮ್ಮ ಬೀದಿಯಿಂದ ಅಲ್ಲಿಗೆ ಒಂದು ಬಸ್ಸು ಹತ್ತಿ ಇಳಿದು ಇನ್ನೊಂದನ್ನು ಹಿಡಿಯಬೇಕು. ಮೊದಲನೆಯದು ಬರುವ ಹೊತ್ತಿಗೆ ಎರಡನೆಯದು ಹೋಗಿಬಿಟ್ಟಿರುತ್ತದೆ. ತಡವಾಗಿ ಹೋಗಿ ಸೂಪರ್‌ವೈಸರ್ ಹತ್ತಿರ ಬೈಸಿಕೊಂಡು ಬಂದ ದಿನ ಸಂಜೆ, ಫೋನು ಹಿಡಿದು ಕೂತವರು ಊಟಕ್ಕೂ ಏಳಲಿಲ್ಲ. ಯಾರೋ ಒಬ್ಬ ತನ್ನ ಗ್ಯಾರೇಜಿನಲ್ಲಿ ಹಳೆಯ ಸೈಕಲ್‌ಗಳಿಗೆ ಮೋಟರ್ ಕೂಡಿಸಿ ಆನ್‌ಲೈನಿನಲ್ಲಿ ಮಾರುತ್ತಿದ್ದನಂತೆ. ಲೈಸೆನ್ಸ್ ಬೇಡ, ಇನ್ಶೂರೆನ್ಸ್ ಬೇಡ, ದಿಬ್ಬ ಬಂದರೆ ಗೊತ್ತೇ ಆಗುವುದಿಲ್ಲ ಎಂದು ಬರೆದಿದ್ದ. ನಮ್ಮವರು ಬರೆದದ್ದನ್ನೆಲ್ಲ ನಂಬುವ ಜಾತಿ. ಅಂಗಡಿಯ ಬೋರ್ಡಿನ ಮೇಲೆ 'ಶುದ್ಧ ತುಪ್ಪ' ಎಂದಿದ್ದರೆ ಅದು ಶುದ್ಧವೇ.

ಬಂದದ್ದನ್ನು ನೋಡಿ ನಾನು ಬಾಗಿಲಲ್ಲೇ ನಿಂತೆ. ಚೌಕಟ್ಟು ಬಡಪಾಯಿ ಸೈಕಲ್‌ನದು, ಬ್ರೇಕೂ ಅದರದ್ದೇ. ಹಿಂದಿನ ಗಾಲಿಯ ನಡುವೆ ಮಾತ್ರ ರೊಟ್ಟಿ ಹಂಚಿನಷ್ಟು ದೊಡ್ಡ ಮೋಟರ್. ನಡುವಿನ ತ್ರಿಕೋನದಲ್ಲಿ ಒಂದು ಚೀಲ, ಚೀಲದೊಳಗೆ ಕಪ್ಪು ಟೇಪು ಸುತ್ತಿದ ಬ್ಯಾಟರಿ.

"ಮೂಗಿಗಿಂತ ಮೂಗುತಿ ಭಾರ ಆಗೈತಲ್ರೀ ಇದಕ್ಕ," ಅಂದೆ.

"ನಿನಗೇನ ಗೊತ್ತ? ಹತ್ತಿ ಕೂತು ನೋಡು, ಆಮ್ಯಾಲೆ ಮಾತಾಡು," ಅಂದರು.

ಮಗಳು ಆಗ ಎ-ಲೆವೆಲ್, ನಮ್ಮ ಪಿಯುಸಿ ಇದ್ದ ಹಾಗೆ, ಓದುತ್ತಿದ್ದಳು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮೋಟರಿನ ಮೇಲೆ ಅಂಟಿಸಿದ್ದ 'ಇನ್ನೂರೈವತ್ತು ವ್ಯಾಟ್' ಎಂಬ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿದಳು. ಅಡಿಯಲ್ಲಿ ಬೇರೆಯೇ ಅಂಕಿ ಇತ್ತು, ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. "ಅಪ್ಪಾ, ದಿಸ್ ಈಸ್ ಎ ಮೋಟರ್‌ಬೈಕ್. ಇಫ್ ದ ಪೊಲೀಸ್ ಸ್ಟಾಪ್ ಯು, ದೇ ವಿಲ್ ಟೇಕ್ ಇಟ್," ಎಂದಳು. ಪೆಡಲ್ ತುಳಿಯದೆ ಕೈಯಲ್ಲಿ ತಿರುಪಿದರೆ ಓಡುವಂಥದ್ದು, ಇಷ್ಟು ಶಕ್ತಿಯದ್ದು, ಈ ದೇಶದಲ್ಲಿ ಸೈಕಲ್ ಎನಿಸಿಕೊಳ್ಳುವುದಿಲ್ಲ ಎಂದು ಫೋನಿನಲ್ಲಿ ಓದಿ ತೋರಿಸಿದಳು. ನಮ್ಮವರು ಸ್ಟಿಕ್ಕರನ್ನು ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದರು. ಅಲ್ಲಿಗೆ ಅವರ ಪಾಲಿಗೆ ಕಾನೂನು ಸರಿಹೋಯಿತು.

ಸುಳ್ಳೇಕೆ ಹೇಳಲಿ, ಮೊದಲ ಕೆಲವು ವಾರ ಆ ಸೈಕಲ್ ನಮ್ಮ ಮನೆಗೆ ಸಂತೋಷ ತಂದಿತ್ತು. ನಮ್ಮವರು ಧಾರವಾಡದಲ್ಲಿ ಕಾಲೇಜಿಗೆ ಹೋಗುವಾಗ ಹೇಗಿದ್ದರೋ ಹಾಗಾಗಿಬಿಟ್ಟರು. ಪಾಳಿಗೆ ಎಲ್ಲರಿಗಿಂತ ಮೊದಲೇ ಹಾಜರು. ಮನೆಗೆ ಬರುವಾಗ ಕೆನ್ನೆ ಕೆಂಪಾಗಿ, ಏನೋ ಹಾಡು ಗುನುಗುತ್ತ ಬರುತ್ತಿದ್ದರು. ಬೆನ್ನುನೋವು ಎನ್ನುವುದನ್ನೇ ಮರೆತಿದ್ದರು. ಒಂದು ಶನಿವಾರ ತರಕಾರಿ ತರಲು ನನ್ನನ್ನೂ ಹಿಂದೆ ಕೂರಿಸಿಕೊಂಡರು. ನಾನು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರ ಜಾಕೆಟ್ ಹಿಡಿದು ಕೂತೆ.

ತಿರುಪಿದರು ನೋಡಿ, ಕೋತಿಗೆ ಹೆಂಡ ಕುಡಿಸಿದಂತಾಯಿತು ಅದಕ್ಕೆ. ಕಾರುಗಳ ಪಕ್ಕದಲ್ಲಿ ಕಾರುಗಳಂತೆಯೇ ಓಡಿತು. ಅಂಗಡಿಗಳ ಮುಂದಿನ ಜೀಬ್ರಾ ಕ್ರಾಸಿಂಗ್ ಹತ್ತಿರ ಬಂದಾಗ ಒಬ್ಬ ಮುದುಕಿ ಗಾಲಿಯ ಚೀಲ ಮುಂದೆ ತಳ್ಳಿಕೊಂಡು ರಸ್ತೆ ದಾಟುತ್ತಿದ್ದಳು. ನಮ್ಮವರು ಬ್ರೇಕು ಹಿಡಿದರು. ಬ್ರೇಕು ಕೂಗಿತು, ಸೈಕಲ್ ನಿಲ್ಲಲಿಲ್ಲ. ಆಕೆ ಚೀಲ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು, ನಾವು ಆಕೆಗೂ ಚೀಲಕ್ಕೂ ನಡುವೆ ಹಾದುಹೋದೆವು. ಚೀಲ ಉರುಳಿ ಆಲೂಗಡ್ಡೆಯೆಲ್ಲ ರಸ್ತೆಗೆ ಬಿತ್ತು. ಮುಂದೆ ಹೋಗಿ ಹೇಗೋ ನಿಲ್ಲಿಸಿ ತಿರುಗಿ ನೋಡಿದರೆ, ನಮ್ಮ ಪಕ್ಕದ ಮನೆಯಾಕೆ. ಐರ್ಲೆಂಡಿನಿಂದ ಹುಡುಗಿಯಾಗಿದ್ದಾಗ ಬಂದವಳು, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇರುವವಳು. ಅಲ್ಲಿಯವರೆಗೂ ನಮಗೂ ಆಕೆಗೂ "ಹಲೋ, ಮಳೆ ಬರುವ ಹಾಗಿದೆ" ಎನ್ನುವಷ್ಟೇ ಬಳಕೆ.

ನಾನು ಇಳಿದು ಓಡಿಹೋಗಿ ಆಲೂಗಡ್ಡೆ ಆರಿಸಿಕೊಟ್ಟೆ, ಸಾರಿ ಸಾರಿ ಎಂದೆ. ಆಕೆ ಚೀಲ ಎತ್ತಿ ನಿಲ್ಲಿಸಿಕೊಂಡಳು. ಸೈಕಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು, ಅಷ್ಟೇ. ಆ ನೋಟವೇ ನಮ್ಮವರಿಗೆ ಚುಚ್ಚಿತು. ವಾಪಸು ಬರುವಾಗ ನಾನು ನಡೆದೇ ಬಂದೆ.

ಮರುದಿನ ಆಕೆ ನಮ್ಮ ಬಾಗಿಲು ತಟ್ಟಿದಳು. ಜಗಳಕ್ಕೇ ಬಂದಿದ್ದಾಳೆ ಎಂದು ನಮ್ಮವರು ಎದೆ ಸೆಟೆಸಿ ನಿಂತರು. ಆಕೆ ಕ್ರಾಸಿಂಗಿನ ಮಾತೇ ಎತ್ತಲಿಲ್ಲ. ನಮ್ಮವರ ಭುಜದ ಮೇಲಿನಿಂದ ಒಳಗೆ ಇಣುಕಿ ನೋಡಿದಳು. ನಮ್ಮದು ಸಾಲುಮನೆ. ಮುಂಬಾಗಿಲು ತೆರೆದರೆ ಇಕ್ಕಟ್ಟಾದ ಹಾಲ್, ಹಾಲ್‌ನಿಂದಲೇ ಮಹಡಿಗೆ ಮೆಟ್ಟಿಲು, ಅದರ ಬುಡದಲ್ಲಿ ಸೈಕಲ್ ಚಾರ್ಜ್ ಆಗುತ್ತಿತ್ತು. ಮಹಡಿಯ ಮೇಲೆ ಮಗಳ ಕೋಣೆ.

"ಅದನ್ನು ಇಲ್ಲಿ ಇಡಬೇಡಿ," ಎಂದಳು. "ನಿಮ್ಮ ಹುಡುಗಿ ಮೇಲೆ ಮಲಗುತ್ತಾಳೆ. ಅದಕ್ಕೆ ಬೆಂಕಿ ಹತ್ತಿದರೆ ಅವಳು ಯಾವ ದಾರಿಯಲ್ಲಿ ಇಳಿದು ಬರಬೇಕು? ಬೇರೆ ದಾರಿ ಇಲ್ಲ, ಡಾರ್ಲಿಂಗ್. ನನ್ನ ಮನೆಯೂ ಇದೇ ಅಚ್ಚಿನದು."

ನಮ್ಮವರು "ಥ್ಯಾಂಕ್ಯೂ" ಎಂದು ಬಾಗಿಲು ಹಾಕಿದರು. ಹಾಕಿದ ಮೇಲೆ ಶುರುವಾಯಿತು. "ಬಾಯಿ ನೋಡು ಆಕಿದು! ನನ್ನ ಮಗಳಿಗೆ ಬೆಂಕಿ ಹತ್ತತೈತಿ ಅಂತ ನನ್ನ ಹೊಸ್ತಿಲದಾಗ ನಿಂತು ಅಂತಾಳ. ಅಪಶಕುನದ ಮುದಕಿ!"

"ಆಕಿ ಹಂಗ ಅಂದಿಲ್ರೀ. ಹೊರಗ ಶೆಡ್ಡಿನ್ಯಾಗ ಇಡ್ರಿ ಅಂದ್ರ ತಪ್ಪೇನೈತಿ?"

"ಶೆಡ್ಡಿನ್ಯಾಗ ಪ್ಲಗ್ ಎಲ್ಲೈತಿ? ಕಳ್ಳರು ಒಯ್ದ್ರ ನೀ ಹೊತ್ಕೊಂಡು ಹೋಗಿ ಬಿಡ್ತೀಯೇನು ನನ್ನ ಕೆಲಸಕ್ಕ?"

ಅದೇ ವಾರ ಸೈಕಲ್ ದಾರಿಯಲ್ಲಿ ಎರಡು ಸಲ ಕೈಕೊಟ್ಟಿತು. ಬ್ಯಾಟರಿ ಮುಟ್ಟಿದರೆ ಸುಡುತ್ತಿತ್ತು. ಚಾರ್ಜರಿನಿಂದ ಕರಕಲು ವಾಸನೆ ಬರುತ್ತಿತ್ತು. ಯಾರಿಗಾದರೂ ಇದು ಸೈಕಲ್‌ನ ರೋಗ ಎಂದು ತಿಳಿಯುತ್ತಿತ್ತು. ನಮ್ಮವರಿಗೆ ತಿಳಿದದ್ದೇ ಬೇರೆ. "ಆಕಿ ಕಣ್ಣ ಬಿದ್ದೈತಿ," ಅಂದರು. "ಅವತ್ತು ರಸ್ತೆದಾಗ ಹೆಂಗ ನೋಡಿದ್ಲು ಅಂತ ನೀನೂ ಕಂಡೀ ಅಲ್ಲ?" ಎಂಜಿನಿಯರಿಂಗ್ ಡಿಪ್ಲೊಮಾ ಓದಿದ ಮನುಷ್ಯ ಇವರು, ಮರೆಯಬೇಡಿ.

ಹಾಗಿರುವಾಗ ಖಂಡೇಪೂಜೆ ಬಂತು. ಬೆಂಗಳೂರು ಕಡೆಯವರು ಆಯುಧಪೂಜೆ ಎನ್ನುತ್ತಾರಲ್ಲ, ಅದೇ. ಆ ವರ್ಷ ಶನಿವಾರವೇ ಬಂದಿತ್ತು, ರಜೆ ಹಾಕುವ ಗೋಜಿರಲಿಲ್ಲ. ನಾನು ಈಳಿಗೆ, ಚಾಕು, ಮಿಕ್ಸರು, ಮಗಳ ಲ್ಯಾಪ್‌ಟಾಪು ಎಲ್ಲಕ್ಕೂ ಕುಂಕುಮ ಹಚ್ಚಿದೆ. ನಮ್ಮವರು ಸೈಕಲನ್ನು ಮನೆ ಮುಂದೆ ನಿಲ್ಲಿಸಿ ಪೈಪು ಹಿಡಿದು ತೊಳೆಯತೊಡಗಿದರು. ಊರಿನಲ್ಲಿ ಲಾರಿ, ಟ್ರ್ಯಾಕ್ಟರನ್ನು ಹೇಗೆ ತೊಳೆಯುತ್ತಾರೋ ಹಾಗೆಯೇ, ಸಂದುಗೊಂದು ಬಿಡದೆ. ಚೀಲ ಬಿಚ್ಚಿ ಬ್ಯಾಟರಿಗೂ ನೀರು ಬಿಟ್ಟರು. ಆಮೇಲೆ ಅದನ್ನು ಹಳೆಯ ಪಂಚೆಯಲ್ಲಿ ಮಗುವಿನ ಮೈ ಒರೆಸಿದಂತೆ ಒರೆಸಿ, ವಿಭೂತಿ ಬಳಿದು, ಹೂ ಏರಿಸಿದರು. ಗಾಲಿಗೆ ನಿಂಬೆಹಣ್ಣು ಇಟ್ಟದ್ದೂ ಆಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಏನಾಗುತ್ತಿತ್ತೋ. ಮುದುಕಿಯ ದೃಷ್ಟಿ ತೆಗೆಯಬೇಕಿತ್ತಲ್ಲ! ನನ್ನಿಂದ ಅರಿಶಿನ, ಸುಣ್ಣ ಕದಡಿದ ಕೆಂಪು ನೀರು ಮಾಡಿಸಿ, ಸೈಕಲ್‌ಗೆ ಇಳಿತೆಗೆದರು. ಉಳಿದ ನೀರನ್ನು ದಾರಿಗೆ ಚೆಲ್ಲುವ ಮೊದಲು, ಒಂದು ಬೊಗಸೆಯನ್ನು ಬ್ಯಾಟರಿಯ ಮೇಲೇ ಸುರಿದು, "ಕೆಟ್ಟ ಕಣ್ಣು ಕೆಟ್ಟು ಹೋಗ್ಲಿ," ಎಂದರು. ಬೇಲಿಯ ಆಚೆ ಆಕೆ ಗುಲಾಬಿ ಗಿಡ ಕತ್ತರಿಸುತ್ತಿದ್ದಳು. "ಹ್ಯಾಪಿ ಫೆಸ್ಟಿವಲ್!" ಎಂದು ಕೂಗಿ ಕೈ ಬೀಸಿದಳು. ನಮ್ಮವರು ಕೇಳದವರಂತೆ ಸೈಕಲ್ ಒಳಗೆ ತಳ್ಳಿದರು.

ಹೋಳಿಗೆ ಊಟವಾಯಿತು. ಮಧ್ಯಾಹ್ನ ಮಗಳು ಮೇಲೆ ಹೋಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಓದಲು ಕೂತಳು. ನಮ್ಮವರು ಸೈಕಲನ್ನು ಮೆಟ್ಟಿಲ ಬುಡದಲ್ಲಿ ಚಾರ್ಜಿಗೆ ಹಚ್ಚಿ, ಅಡುಗೆಮನೆಗೆ ಬಂದು ಕುರ್ಚಿಯಲ್ಲೇ ತೂಕಡಿಸಿದರು. ನಾನು ಪಾತ್ರೆ ತೊಳೆಯುತ್ತಿದ್ದೆ. ಕುಕ್ಕರು ಸೀಟಿ ಹೊಡೆಯುವ ಮೊದಲು ಬುಸುಗುಟ್ಟುತ್ತದಲ್ಲ, ಅಂಥ ಸದ್ದು ಕೇಳಿತು. ಒಲೆ ನೋಡಿದೆ, ಒಲೆಯ ಮೇಲೆ ಕುಕ್ಕರೇ ಇರಲಿಲ್ಲ.

ಹಾಲ್‌ನ ಬಾಗಿಲು ತೆರೆದರೆ ಎದುರಿಗೆ ಬಿಳಿ ಹೊಗೆ. ಅದರೊಳಗಿಂದ ಚಟ್ ಚಟ್ ಎಂದು ಕಿಡಿ ಹಾರುತ್ತಿದ್ದವು. ನೋಡನೋಡುತ್ತ ಢಂ ಎಂದು ಸಿಡಿಯಿತು, ಬೆಂಕಿ ಮೆಟ್ಟಿಲಿನ ಕಾರ್ಪೆಟ್ಟಿಗೆ ಹತ್ತಿತು. ನಾನು ಮಗಳ ಹೆಸರು ಹಿಡಿದು ಚೀರಿದೆ. ಎಚ್ಚೆತ್ತ ನಮ್ಮವರು ಪಾತ್ರೆ ತೊಳೆಯುವ ಬೋಗುಣಿಯನ್ನೇ ಎತ್ತಿಕೊಂಡು ಓಡಿಬಂದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎನ್ನುವುದನ್ನು ಗಾದೆಯಲ್ಲಿ ಕೇಳಿದ್ದೆ, ಆ ದಿನ ಕಣ್ಣಾರೆ ಕಂಡೆ. ನೀರು ಎರಚಿದರು, ಬೆಂಕಿ ಅವರ ಮುಖಕ್ಕೇ ಎದ್ದು ಬಂತು. ಆದರೂ ಮೆಟ್ಟಿಲು ಹತ್ತಲು ಹೊರಟರು. ಅವರು ಉಟ್ಟ ಪೂಜೆಯ ಧೋತರ ಹಿಡಿದು ನಾನು ಜಗ್ಗಿದೆ. "ಬಿಡು ನನ್ನ! ಕೂಸು ಮ್ಯಾಲೈತಿ!" ಎಂದು ಒದರಿದರು. ಅವರ ಆ ದನಿ ಈಗಲೂ ನನ್ನ ಕಿವಿಯಲ್ಲಿದೆ.

ಆಗ ಹಿತ್ತಿಲಿನಿಂದ ಇನ್ನೊಂದು ದನಿ ಕೇಳಿತು, ನನ್ನ ಚೀರಾಟಕ್ಕೆ ಬೇಲಿಗೆ ಓಡಿಬಂದ ಪಕ್ಕದ ಮನೆಯಾಕೆಯದು. "ಶಟ್ ದಟ್ ಡೋರ್! ಬಾಗಿಲು ಮುಚ್ಚಿ! ಇಬ್ಬರೂ ಹೊರಗೆ ಬನ್ನಿ!"

ಯಾಕೆ ಮುಚ್ಚಬೇಕು ಎಂದು ನನಗೆ ತಿಳಿಯಲಿಲ್ಲ, ಆದರೆ ಆ ದನಿಗೆ ಎದುರಾಡುವ ಹಾಗಿರಲಿಲ್ಲ. ಬಾಗಿಲು ಎಳೆದು ಹಾಕಿ, ಗಂಡನನ್ನು ಎಳೆದುಕೊಂಡು ಹಿತ್ತಿಲಿಗೆ ಬಂದೆ. ಆಕೆ ಆಗಲೇ ತಗ್ಗು ಬೇಲಿಯ ಮೇಲಿಂದ ಏಣಿಯನ್ನು ನಮ್ಮ ಕಡೆಗೆ ತಳ್ಳುತ್ತಿದ್ದಳು. ಈ ವಯಸ್ಸಿನಲ್ಲಿ ಗಟರ್ ತೊಳೆಯುವ ಹುಚ್ಚು ಯಾಕೆ ಬೇಕು ಎಂದು ನಾನೇ ಎಷ್ಟೋ ಸಲ ಆಡಿಕೊಂಡಿದ್ದ ಏಣಿ ಅದು. ಮಗಳ ಕೋಣೆ ಹಿಂದುಗಡೆಗಿದೆ, ಅದರ ಕಿಟಕಿಯ ಕೆಳಗೆ ಅಡುಗೆಮನೆಯ ಸಪಾಟು ಮಾಳಿಗೆ. ಸಿಡಿದ ಸದ್ದು ಮಗಳಿಗೂ ಕೇಳಿತ್ತು. ಕಿಟಕಿಯಲ್ಲಿ ಅವಳ ಮುಖ ಕಂಡಿತು, ಸುಣ್ಣದಂತೆ ಬಿಳಿಚಿಕೊಂಡಿತ್ತು. "ಐ'ಮ್ ಗೋಯಿಂಗ್ ಡೌನ್‌ಸ್ಟೇರ್ಸ್!" ಎಂದು ಕೂಗಿ ಅವಳು ತಿರುಗಿಯೇ ಬಿಟ್ಟಳು.

"ಬೇಡ! ಕೋಣೆಯ ಬಾಗಿಲು ತೆರೆಯಬೇಡ!" ಆಕೆ ಎಷ್ಟು ಜೋರಾಗಿ ಕೂಗಿದಳೆಂದರೆ ಬೀದಿಯೆಲ್ಲ ಕೇಳಿರಬೇಕು. "ಹೊದೆಯುವ ಡ್ಯುವೆ ತೆಗೆದು ಬಾಗಿಲ ಸಂದಿಗೆ ತುರುಕು. ಆಮೇಲೆ ಕಿಟಕಿಯಿಂದ ಮಾಳಿಗೆಗೆ ಇಳಿ. ನನ್ನನ್ನೇ ನೋಡು. ಅಮ್ಮನನ್ನು ನೋಡಬೇಡ, ನನ್ನನ್ನು ನೋಡು."

ನನ್ನನ್ನು ನೋಡಬೇಡ ಎಂದದ್ದು ಸರಿಯಾಗಿತ್ತು, ನಾನು ಎದೆ ಎದೆ ಬಡಿದುಕೊಳ್ಳುತ್ತಿದ್ದೆ. ಮಗಳು ಹೇಳಿದ ಹಾಗೆ ಮಾಡಿದಳು. ಕಿಟಕಿಯಿಂದ ಒಂದು ಕಾಲು, ಮತ್ತೊಂದು ಕಾಲು. ಮಾಳಿಗೆಯ ಮೇಲೆ ಕೂತು ಅಂಚಿಗೆ ಸರಿದಳು. ನಮ್ಮವರೂ ಆಕೆಯೂ ಏಣಿಯ ಒಂದೊಂದು ಕಾಲು ಹಿಡಿದಿದ್ದರು. ಸುಟ್ಟು ಬೊಬ್ಬೆ ಎದ್ದ ಕೈಯಲ್ಲಿ ನಮ್ಮವರು ಹೇಗೆ ಹಿಡಿದರೋ. ಮಗಳು ಇಳಿದು ನನ್ನ ಮೈಮೇಲೆ ಬಿದ್ದಾಗ, ಅವಳ ತಲೆಗೂದಲು ಮೂಸಿ ನೋಡಿದೆ. ಹೊಗೆಯ ವಾಸನೆಯೂ ಇರಲಿಲ್ಲ. ಶಾಂಪೂ ವಾಸನೆ ಇತ್ತು.

ಅಗ್ನಿಶಾಮಕದವರು ಬಂದು ಬೆಂಕಿ ಆರಿಸಿದರು. ಹಾಲ್ ಪೂರ್ತಿ ಸುಟ್ಟಿತ್ತು, ಮೆಟ್ಟಿಲು ಅರ್ಧ ಕರಕಲಾಗಿತ್ತು. ಬಾಗಿಲುಗಳು ಮುಚ್ಚಿದ್ದರಿಂದ ಉಳಿದ ಕೋಣೆಗಳಿಗೆ ಹೊಗೆ ಬಿಟ್ಟರೆ ಹೆಚ್ಚೇನೂ ಆಗಿರಲಿಲ್ಲ. ಮಗಳು ಕೋಣೆಯ ಬಾಗಿಲು ತೆರೆದು ಮೆಟ್ಟಿಲಿಗೆ ಬಂದಿದ್ದರೆ ಜೀವ ಹೋಗಲು ಆ ಹೊಗೆಯ ಎರಡು ಉಸಿರು ಸಾಕಿತ್ತು ಎಂದು ಅವರಲ್ಲೊಬ್ಬರು ಮೆಲ್ಲನೆ ಹೇಳಿದರು. ಮನೆಯಲ್ಲಿ ಕಟ್ಟಿದ ಇಂಥ ಬ್ಯಾಟರಿಗಳು ಹೀಗೆಯೇ ಎಂದರು. ಒಳಗೆ ಹೇಗೆ ಜೋಡಿಸಿರುತ್ತಾರೋ ಯಾರಿಗೂ ಗೊತ್ತಿರುವುದಿಲ್ಲ, ಚಾರ್ಜರ್ ಇನ್ಯಾವುದರದ್ದೋ ಇರುತ್ತದೆ. ಆಮೇಲೆ ಮನೆ ಮುಂದಿನ ನೆಲ ನೋಡಿ ಗಾಬರಿಯಾದರು. "ಯಾರಿಗಾದರೂ ಗಾಯವಾಗಿದೆಯಾ? ಇದು ರಕ್ತವಾ?"

"ಅಲ್ಲ, ಅರಿಶಿನ, ಸುಣ್ಣದ ನೀರು," ಎಂದರು ನಮ್ಮವರು. "ಬೆಳಿಗ್ಗೆ ಪೂಜೆ ಇತ್ತು. ಬ್ಯಾಟರಿಯನ್ನು ತೊಳೆದೆವು."

"ಬ್ಯಾಟರಿ ತೊಳೆದಿರಾ?"

"ತೊಳೆದೆವು. ಕೆಟ್ಟ ಕಣ್ಣು ಬಿದ್ದಿತ್ತು ಅಂತ ಈ ನೀರನ್ನೂ ಸ್ವಲ್ಪ ಹಾಕಿದೆವು."

ಆತ ಒಳ್ಳೆಯ ಮನುಷ್ಯ, ನಗಲಿಲ್ಲ. "ಯಾರ ಕಣ್ಣು?" ಎಂದು ಸುಮ್ಮನೆ ಕೇಳಿದ.

ಆಕೆ ಅಲ್ಲೇ ನಿಂತಿದ್ದಳು. ತನ್ನ ಕಂಬಳಿಯನ್ನು ನನ್ನ ಮಗಳಿಗೆ ಹೊದಿಸಿ, ಹೆಗಲ ಸುತ್ತ ಕೈ ಹಾಕಿ ನಿಂತಿದ್ದಳು. ನಮ್ಮವರು ನೆಲ ನೋಡಿದರು.

ಆ ದಿನ ನಾವು ಉಳಿದದ್ದು ಆಕೆಯ ಮನೆಯಲ್ಲಿ. ಬನ್ನಿ ಎಂದು ಕರೆಯಲೂ ಇಲ್ಲ ಆಕೆ, ನಾವು ಬಂದೇ ಬರುತ್ತೇವೆ ಎನ್ನುವ ಹಾಗೆ ಹಾಸಿಗೆ ಹಾಸಿದ್ದಳು. ಸತ್ತ ಗಂಡನ ಪೈಜಾಮ ತೆಗೆದು ನಮ್ಮವರಿಗೆ ಕೊಟ್ಟಳು. ಅವನು ಆರಡಿ ಆಳಿರಬೇಕು, ಇವರು ಅದನ್ನು ಮಡಿಸಿ ಮಡಿಸಿ ಕಟ್ಟಿಕೊಂಡರು. ಕೈಗೆ ಆಸ್ಪತ್ರೆಯಲ್ಲಿ ಪಟ್ಟಿ ಸುತ್ತಿದ್ದರಿಂದ ನಾನೇ ತುತ್ತು ಕೊಡಬೇಕಾಯಿತು. ಆಕೆ ಮಾಡಿದ ಆಲೂಗಡ್ಡೆಯ ಸೂಪಿಗೆ ಉಪ್ಪಿಲ್ಲ, ಖಾರವಿಲ್ಲ. ದೇವರಾಣೆ, ಅಂಥ ರುಚಿಯ ಊಟ ನಾನು ಮತ್ತೆ ಉಂಡಿಲ್ಲ.

ಬೆಳಗಾದರೆ ದಸರೆ. ನಮ್ಮ ಕಡೆ ಅವತ್ತು ಬನ್ನಿ ಮುಡಿಯುತ್ತಾರೆ. ಬನ್ನಿಯ ಎಲೆಯನ್ನೇ ಬಂಗಾರ ಎಂದು ಒಬ್ಬರಿಗೊಬ್ಬರು ಕೊಟ್ಟು, ಚಿಕ್ಕವರು ಹಿರಿಯರ ಕಾಲಿಗೆ ಬೀಳುತ್ತಾರೆ. ವರ್ಷವಿಡೀ ಮಾತು ಬಿಟ್ಟವರ ಮನೆಗೂ ಅವತ್ತು ಹೋಗಬಹುದು, ಯಾರೂ ಬಾಗಿಲು ಹಾಕುವಂತಿಲ್ಲ. ನಾನು ಎದ್ದು ಕೆಳಗೆ ಬಂದಾಗ ನಮ್ಮವರು ಆ ದೊಗಲೆ ಪೈಜಾಮದಲ್ಲಿ ಆಕೆಯ ಹಿತ್ತಿಲಿನಲ್ಲಿದ್ದರು. ಪಟ್ಟಿ ಕಟ್ಟಿದ ಕೈಯಿಂದ ಬೇಲಿಯ ಗಿಡದ ಚಿಕ್ಕ ಚಿಕ್ಕ ಎಲೆ ಕೀಳುತ್ತಿದ್ದರು. ಲಂಡನ್ನಿನಲ್ಲಿ ಬನ್ನಿ ಮರ ಎಲ್ಲಿಂದ ಬರಬೇಕು? ಸಣ್ಣ ಎಲೆ ಸಿಕ್ಕಿತಲ್ಲ, ಸಾಕು.

ಆಕೆ ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದಳು. ಮಗಳು ಟೇಬಲ್ ಹತ್ತಿರ ಕೂತಿದ್ದಳು. ನಮ್ಮವರು ಹೋಗಿ ಎಲೆಗಳನ್ನು ಆಕೆಯ ಅಂಗೈಯಲ್ಲಿಟ್ಟು, "ಬನ್ನಿ ತೊಗೊಂಡು ಬಂಗಾರದಂಗ ಇರೂಣು," ಎಂದರು. ಎಂದವರೇ ಬಗ್ಗಿ ಆಕೆಯ ಚಪ್ಪಲಿ ಕಾಲು ಮುಟ್ಟಿದರು. ಆಕೆ ಹೌಹಾರಿ ಹಿಂದೆ ಸರಿದಳು. "ಏಳಪ್ಪಾ, ಏನಿದು? ತಲೆ ಸುತ್ತುತ್ತಿದೆಯಾ?"

ನನಗೆ ಇಂಗ್ಲಿಷೇ ಬಾಯಿಗೆ ಬರಲಿಲ್ಲ. ಮಗಳೇ ಹೇಳಿದಳು. ಈ ಎಲೆ ಬಂಗಾರ, ಇವತ್ತು ಇದನ್ನು ದೊಡ್ಡವರಿಗೆ ಕೊಟ್ಟು ನಮಸ್ಕಾರ ಮಾಡುತ್ತಾರೆ, ಅಂದರೆ ಇನ್ನು ಮೇಲೆ ನಮ್ಮ ನಡುವೆ ಏನೂ ಕೆಟ್ಟದ್ದು ಬೇಡ ಎಂದು.

"ನಾನೇನು ಮಾಡಬೇಕು ಈಗ?" ಆಕೆ ಕೇಳಿದಳು.

"ಯು ಗಿವ್ ಸಮ್ ಬ್ಯಾಕ್."

ಆಕೆ ಅಂಗೈಯಲ್ಲಿದ್ದುದನ್ನು ಏಪ್ರನ್ ಜೇಬಿಗೆ ಹಾಕಿಕೊಂಡಳು. ಹಾಗೇ ಹಿತ್ತಿಲಿಗೆ ಹೋಗಿ, ಮಂಜು ಕೂತ ಬೇಲಿಯಿಂದ ಹೊಸ ಎಲೆ ಕಿತ್ತುಕೊಂಡು ಬಂದಳು. ನಮ್ಮವರು ಎರಡೂ ಕೈ ಚಾಚಿ ನಿಂತಿದ್ದರು. ಆಕೆ ಅವರನ್ನು ದಾಟಿ ಹೋಗಿ, ಎಲೆಯನ್ನೆಲ್ಲ ನನ್ನ ಮಗಳ ಕೈಯಲ್ಲಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಆಮೇಲೆ ಮಗಳ ಮಡಚಿದ ಮುಷ್ಟಿಯನ್ನು ಹಿಡಿದುಕೊಂಡು ಬಂದು ನಮ್ಮವರ ಪಟ್ಟಿ ಸುತ್ತಿದ ಅಂಗೈಯಲ್ಲಿಟ್ಟಳು.

"ಇಗೋ," ಎಂದಳು.

ಮನೆ ಉರಿಯುವಾಗಲೂ ಅಳದ ಮನುಷ್ಯ ಅಲ್ಲಿದ್ದ ಕುರ್ಚಿಯಲ್ಲಿ ಕುಸಿದು ಕೂತು ಹೋ ಎಂದು ಅತ್ತರು. ಮಗಳು ಕೈ ಬಿಡಿಸಿಕೊಳ್ಳಲಿಲ್ಲ. "ಅಳಬ್ಯಾಡಪ್ಪಾ," ಕನ್ನಡದಲ್ಲೇ ಅಂದಳು.